ಐದನೆಯ ಪರೀಕ್ಷೆಯ ಕಾರ್ಡು

ಆ ಕಾರ್ಡನ್ನು ಕಂತೆಯಿಂದ ಹೊರಗೆಳೆದವನು ನಾನೇ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಎಳೆದೆ, ಅಂಗಿಯ ಜೇಬಿಗೆ ಹಾಕಿಕೊಂಡೆ, ಉಳಿದ ಕಂತೆಯನ್ನು ಮೇಜಿನ ಮೇಲೆ ತಟ್ಟಿ ಸರಿಮಾಡಿ ಮತ್ತೆ ಯಂತ್ರಕ್ಕೆ ಕೊಟ್ಟೆ. ಅರ್ಧ ನಿಮಿಷದ ಕೆಲಸ. ಅಲ್ಲಿಂದ ಮುಂದಿನ ಎರಡು ತಿಂಗಳಲ್ಲಿ ಏನೇನಾಯಿತು ಎಂಬುದನ್ನು ಇಷ್ಟು ವರ್ಷವಾದ ಮೇಲೆ ಬರೆಯಲು ಕುಳಿತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದಲ್ಲಿ ಮಕ್ಕಳ ಪೋಷಣೆಯ ಯೋಜನೆಯೊಂದರ ಕಚೇರಿ ಇತ್ತು. ನಾನು ಅಲ್ಲಿ ಅಂಕಿಅಂಶ ಸಹಾಯಕ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಆಯ್ದ ಹಳ್ಳಿಗಳಲ್ಲಿ ಒಂದು ವರ್ಷದಿಂದ ಐದು ವರ್ಷದೊಳಗಿನ ಮಕ್ಕಳನ್ನೆಲ್ಲ ಮೂರು ತಿಂಗಳಿಗೊಮ್ಮೆ ತೂಗುತ್ತಿದ್ದರು. ವಯಸ್ಸಿಗೆ ಇರಬೇಕಾದ ತೂಕಕ್ಕಿಂತ ತೀರ ಕೆಳಗಿರುವ ಮಕ್ಕಳ ಪಟ್ಟಿ ಮಾಡಿ, ಪಟ್ಟಿಯಲ್ಲಿರುವವರ ಮನೆಗೆ ಹುರಿಗಡಲೆ, ಶೇಂಗಾ, ಬೆಲ್ಲ ಸೇರಿಸಿದ ಹಿಟ್ಟಿನ ಪೊಟ್ಟಣ ಕೊಡುವುದು ಯೋಜನೆ. ಮೊದಲ ಸುತ್ತಿನ ಪಟ್ಟಿಯನ್ನು ನಾಲ್ಕು ಜನ ಕೂತು ಕೈಯಲ್ಲಿ ಮಾಡಿದ್ದೆವು. ಮುಗಿಯುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಕೆಲವು ಮಕ್ಕಳು ತಾವಾಗಿ ಚೇತರಿಸಿಕೊಂಡಿದ್ದರು, ಕೆಲವರು ಇನ್ನಷ್ಟು ಇಳಿದಿದ್ದರು. ಹೀಗಾಗಿಯೇ ಬೆಂಗಳೂರಿನ ಒಂದು ಸಂಸ್ಥೆಯ ಕಂಪ್ಯೂಟರಿನಲ್ಲಿ ವಾರಕ್ಕೆ ಒಂದು ಗಂಟೆ ನಮಗೆ ಕೊಡಿಸಿದ್ದರು.

ಪ್ರೋಗ್ರಾಂ ಬರೆದವರು ನಮ್ಮ ಯೋಜನೆಯ ಮೇಡಂ. ಬೆಂಗಳೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ನನಗೆ ಈ ವಿದ್ಯೆ ಕಲಿಸಿದವರೂ ಅವರೇ. ನಾವು ಬರೆಯುವ ಆದೇಶಗಳು ಯಂತ್ರಕ್ಕೆ ನೇರವಾಗಿ ತಿಳಿಯುವುದಿಲ್ಲ. ಒಂದೊಂದು ಸಾಲಿಗೆ ಒಂದೊಂದು ಕಾರ್ಡಿನಂತೆ ತೂತು ಹೊಡೆದು, ಆ ಕಂತೆಯನ್ನು ಕೊಟ್ಟರೆ ಮೊದಲು ಯಂತ್ರ ಅದನ್ನು ತನ್ನ ಸಂಕೇತಕ್ಕೆ ತಿರುಗಿಸಿಕೊಳ್ಳುತ್ತದೆ. ಅದನ್ನೇ ಕಂಪೈಲ್ ಎನ್ನುತ್ತಿದ್ದೆವು. ಅದಾದ ಮೇಲೆಯೇ ಪ್ರೋಗ್ರಾಂ ಓಡುವುದು, ಮಕ್ಕಳ ಕಾರ್ಡುಗಳನ್ನು ಓದುವುದು, ಪಟ್ಟಿ ಅಚ್ಚು ಹಾಕುವುದು. ಎಲ್ಲರೂ ಪ್ರೋಗ್ರಾಮನ್ನು ಓಡಿಸಿ, ಬಂದ ಉತ್ತರ ನೋಡಿ ತಪ್ಪು ಹುಡುಕುತ್ತಿದ್ದರು. ಮೇಡಂ ಹಾಗಲ್ಲ.

"ಓಡಿಸಿ ನೋಡಿ ತಪ್ಪು ಹಿಡಿಯೋಕೆ ನಮಗೆ ಸಿಗೋದು ಒಂದು ಗಂಟೆ," ಎನ್ನುತ್ತಿದ್ದರು. "ತಪ್ಪಿರೋ ಪ್ರೋಗ್ರಾಂ ಕಂಪೈಲೇ ಆಗಬಾರದು."

ನಾವು ಬಳಸುತ್ತಿದ್ದ ಭಾಷೆಯಲ್ಲಿ ಕಂಪೈಲ್ ಆಗುವ ಹೊತ್ತಿಗೇ ಕೂಡಿ ಕಳೆಯುವ ಲೆಕ್ಕಗಳನ್ನು ಮಾಡಿಸಬಹುದಿತ್ತು. ಪ್ರೋಗ್ರಾಮಿನ ಜೀವ ಇದ್ದದ್ದು ತೂಕದ ಕೋಷ್ಟಕದಲ್ಲಿ. ಹನ್ನೆರಡು ತಿಂಗಳಿಂದ ಅರವತ್ತು ತಿಂಗಳವರೆಗೆ, ಪ್ರತಿ ತಿಂಗಳಿಗೂ, ಗಂಡಿಗೆ ಬೇರೆ ಹೆಣ್ಣಿಗೆ ಬೇರೆ, ಇದಕ್ಕಿಂತ ಕೆಳಗಿದ್ದರೆ ಪೊಟ್ಟಣ ಎಂಬ ಒಂದು ಗೆರೆ. ಇಷ್ಟನ್ನೂ ಕೈಯಲ್ಲಿ ಬರೆದರೆ ತಪ್ಪಾದೀತೆಂದು ಮೇಡಂ ವಯಸ್ಸಿನ ವರ್ಷಕ್ಕೊಂದರಂತೆ ಗಂಡಿಗೆ ನಾಲ್ಕು, ಹೆಣ್ಣಿಗೆ ನಾಲ್ಕು ಕಾರ್ಡು ಇಟ್ಟಿದ್ದರು. ಒಂದೊಂದರಲ್ಲೂ ಆ ವರ್ಷದ ಮೊದಲ ತೂಕ, ಕೊನೆಯ ತೂಕ. ನಡುವಿನ ತಿಂಗಳುಗಳ ಗೆರೆಯನ್ನು ಕಂಪೈಲ್ ಆಗುವಾಗ ಯಂತ್ರವೇ ಹಂಚಿ ತುಂಬಿಕೊಳ್ಳುತ್ತಿತ್ತು.

ಅದರ ಹಿಂದೆ ಮೇಲಂಚಿಗೆ ಕೆಂಪು ಪಟ್ಟಿಯಿದ್ದ ಏಳು ಕಾರ್ಡು. ಅವು ಪರೀಕ್ಷೆಗಳು. ಇಷ್ಟು ತಿಂಗಳ ಗಂಡು ಮಗುವಿಗೆ ಗೆರೆ ಇಷ್ಟು ಬರಬೇಕು, ಇಷ್ಟು ತಿಂಗಳ ಹೆಣ್ಣು ಮಗುವಿಗೆ ಇಷ್ಟು ಬರಬೇಕು ಎಂದು ಮೇಡಂ ಕೈಯಲ್ಲಿ ಲೆಕ್ಕ ಮಾಡಿ ಬರೆದ ಏಳು ಉತ್ತರಗಳು. ಯಂತ್ರ ತಾನು ತುಂಬಿದ ಕೋಷ್ಟಕವನ್ನು ಈ ಏಳರ ಜೊತೆ ಹೋಲಿಸಬೇಕು. ಒಂದು ತಾಳೆಯಾಗದಿದ್ದರೂ ಕಂಪೈಲ್ ಅಲ್ಲೇ ನಿಲ್ಲಬೇಕು, ಪ್ರೋಗ್ರಾಂ ಹುಟ್ಟಬಾರದು. ಅವರ ಕಟ್ಟಪ್ಪಣೆ ಒಂದೇ. ಪರೀಕ್ಷೆಯ ಕಾರ್ಡನ್ನು ತೆಗೆಯುವಂತಿಲ್ಲ. ತೆಗೆಯಲೇಬೇಕಾದರೆ ಯಾಕೆಂದು ನೋಟ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

ಎರಡನೆಯ ಸುತ್ತಿನ ತೂಕ ಮುಗಿದಾಗ ಹಿಟ್ಟಿನ ಸರಬರಾಜು ಕಡಿಮೆಯಾಗುತ್ತದೆಂದು ಮೇಲಿನಿಂದ ಕಾಗದ ಬಂತು. ಯೋಜನೆಯ ಮುಖ್ಯಸ್ಥರಾಗಿದ್ದ ಡಾಕ್ಟರು ಬೇಸರದಿಂದಲೇ ಗೆರೆಯನ್ನು ಕೆಳಗಿಳಿಸಿದರು. ಇನ್ನು ಮುಂದೆ ತೀರಾ ಸೊರಗಿದ ಮಕ್ಕಳಿಗೆ ಮಾತ್ರ. ಅದೇ ವಾರ ಮೇಡಂ ತರಬೇತಿಗೆಂದು ಉತ್ತರ ಭಾರತಕ್ಕೆ ಹೊರಟಿದ್ದರು. ಹೊರಡುವ ಮುಂಚೆ ಏಳು ಪರೀಕ್ಷೆಗಳನ್ನೂ ಹೊಸ ಗೆರೆಗೆ ಬದಲಾಯಿಸಿ, ಆ ಪರೀಕ್ಷೆಗಳ ಲೆಕ್ಕದ ಹಾಳೆಯನ್ನು ಒಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ ನನ್ನ ಕೈಗೆ ಕೊಟ್ಟರು. ಡಾಕ್ಟರು ಕೊಟ್ಟ ಹೊಸ ಗೆರೆಯ ಹಾಳೆ ನೋಡಿ ಎಂಟು ತೂಕದ ಕಾರ್ಡುಗಳನ್ನು ಹೊಸದಾಗಿ ತೂತು ಹೊಡೆದು ಓಡಿಸುವುದು ನನ್ನ ಪಾಲಿಗೆ ಬಂತು. ಒಬ್ಬನೇ ಮಾಡುವ ಮೊದಲ ಕೆಲಸ. ನನಗೆ ಒಳಗೊಳಗೇ ಹೆಮ್ಮೆ.

ಕಾರ್ಡಿನ ಪೆಟ್ಟಿಗೆಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಹೋದೆ. ಹಿರಿಯೂರಿನಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಟೀ ಕುಡಿದರು, ಪೆಟ್ಟಿಗೆ ಬಿಟ್ಟು ಇಳಿಯಲು ನನಗೆ ಧೈರ್ಯವಾಗಲಿಲ್ಲ. ಮರುದಿನ ಬೆಳಿಗ್ಗೆ ಸಂಸ್ಥೆಯ ಪಂಚಿಂಗ್ ಯಂತ್ರದ ಮುಂದೆ ಕೂತೆ. ಹಿಂದಿನ ಕಾರ್ಡನ್ನು ಹಾಗೆಯೇ ನಕಲು ಮಾಡುವ ಒಂದು ಗುಂಡಿ ಅದರಲ್ಲಿತ್ತು. ಎಲ್ಲ ಕಾರ್ಡುಗಳ ಮೊದಲರ್ಧ ಒಂದೇ ಆಗಿದ್ದರಿಂದ ಆ ಗುಂಡಿ ಒತ್ತಿ, ತೂಕದ ಅಂಕಿ ಬರುವಾಗ ನಿಲ್ಲಿಸಿ ಹೊಸದನ್ನು ಹೊಡೆಯುತ್ತಿದ್ದೆ. ಎಲ್ಲೋ ಒಂದು ಕಡೆ ನಿಲ್ಲಿಸುವುದು ತಡವಾಗಿತ್ತು. ಅದು ನನಗೆ ಆಗ ಗೊತ್ತಾಗಲಿಲ್ಲ.

ನಮ್ಮ ಗಂಟೆ ಮಧ್ಯಾಹ್ನ ಎರಡರಿಂದ ಮೂರು. ಮೊದಲ ಸಲ ಕೊಟ್ಟಾಗ ಎಲ್ಲೋ ಒಂದು ಅಲ್ಪವಿರಾಮ ಬಿಟ್ಟುಹೋಗಿ ಕಂಪೈಲ್ ನಿಂತಿತು. ಓಡಿಹೋಗಿ ಆ ಕಾರ್ಡನ್ನು ಮತ್ತೆ ಹೊಡೆದು ತರುವಷ್ಟರಲ್ಲಿ ಎರಡೂ ಇಪ್ಪತ್ತೈದು. ಎರಡನೆಯ ಸಲ ಮತ್ತೆ ನಿಂತಿತು. ಪ್ರಿಂಟರಿನಿಂದ ಬಂದ ಹಾಳೆಯಲ್ಲಿ ಐದನೆಯ ಪರೀಕ್ಷೆ ತಪ್ಪಿದೆ ಎಂದಿತ್ತು. ಮೂವತ್ತು ತಿಂಗಳ ಹೆಣ್ಣು ಮಗು. ಬರಬೇಕಾದ ಗೆರೆ ಏಳು ಕಿಲೋ ಎಂಟುನೂರು ಗ್ರಾಂ, ಬಂದದ್ದು ಆರು ಕಿಲೋ ಆರುನೂರು.

ಆಗ ನನ್ನ ತಲೆ ಹೇಗೆ ಓಡಿತೆಂಬುದು ಇವತ್ತಿಗೂ ಚೆನ್ನಾಗಿ ನೆನಪಿದೆ. ಹಳೆಯ ಗೆರೆ ಮೇಲಿತ್ತು, ಹೊಸ ಗೆರೆ ಕೆಳಗೆ. ಪರೀಕ್ಷೆಯ ಅಂಕಿ ಮೇಲಿದೆ, ಕೋಷ್ಟಕದ ಅಂಕಿ ಕೆಳಗಿದೆ. ಅಂದರೆ ಮೇಡಂ ಹೊರಡುವ ಗಡಿಬಿಡಿಯಲ್ಲಿ ಆರನ್ನು ಬದಲಾಯಿಸಿ ಇದೊಂದನ್ನು ಹಳೆಯದಾಗಿಯೇ ಬಿಟ್ಟಿದ್ದಾರೆ. ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅದನ್ನು ಒರೆಹಚ್ಚಿ ನೋಡಬೇಕೆಂದು ಅನ್ನಿಸಲೇ ಇಲ್ಲ. ಲಕೋಟೆ ನನ್ನ ಚೀಲದಲ್ಲೇ ಇತ್ತು. ಚೀಲವನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದೆ. ತೆಗೆದು ನೋಡಲು ಎರಡು ನಿಮಿಷ ಬೇಕಿತ್ತು. ಕಾರ್ಡು ಓದುವ ಯಂತ್ರದ ಪಕ್ಕ ನಿಂತಿದ್ದ ಆಪರೇಟರು ಗಡಿಯಾರ ನೋಡಿದರು. ಮೂರರ ಗಂಟೆಯವರು ಆಗಲೇ ತಮ್ಮ ಪೆಟ್ಟಿಗೆಗಳ ಜೊತೆ ಬಾಗಿಲಲ್ಲಿ ನಿಂತಿದ್ದರು. ಈ ಗಂಟೆ ಹೋದರೆ ಮುಂದಿನದು ಒಂದು ವಾರಕ್ಕೆ. ಬರಿಗೈಯಲ್ಲಿ ದುರ್ಗಕ್ಕೆ ಹೋಗಿ ಡಾಕ್ಟರ ಮುಂದೆ ನಿಲ್ಲುವುದನ್ನು ನೆನೆಸಿಕೊಂಡೆ. ಕಾರ್ಡು ಎಳೆದೆ.

ಕಂಪೈಲ್ ಆಯಿತು. ಪ್ರೋಗ್ರಾಂ ಓಡಿತು. ಪ್ರಿಂಟರು ಗಡಗಡನೆ ಹೆಸರುಗಳನ್ನು ಹೊಡೆಯತೊಡಗಿತು. ನಾಲ್ಕು ತಾಲ್ಲೂಕಿನ ನಾಲ್ಕು ಕಟ್ಟು. ಮೂರಕ್ಕೆ ಐದು ನಿಮಿಷ ಇರುವಾಗ ಮುಗಿಯಿತು. ನೋಟ್ ಪುಸ್ತಕದಲ್ಲಿ "ಐದನೆಯ ಪರೀಕ್ಷೆ. ಹಳೆಯ ಗೆರೆಯ ಅಂಕಿ. ತೆಗೆಯಲಾಗಿದೆ" ಎಂದು ಬರೆದು ಸಹಿ ಹಾಕಿದೆ. ನಿಯಮ ಪಾಲಿಸಿದ್ದೇನೆಂಬ ಸಮಾಧಾನ ಬೇರೆ.

ಡಾಕ್ಟರು ಪಟ್ಟಿ ನೋಡಿ ಖುಷಿಪಟ್ಟರು. ತೂಕ ಮಾಡಿದ ಹನ್ನೆರಡನೇ ದಿನಕ್ಕೆ ಹೆಸರುಗಳು ಕೈಯಲ್ಲಿದ್ದವು. ಪೊಟ್ಟಣಗಳನ್ನು ಪಟ್ಟಿಗೆ ಸರಿಯಾಗಿ ಎಣಿಸಿ ನಾಲ್ಕೂ ತಾಲ್ಲೂಕಿಗೆ ಕಳಿಸಿದೆವು.

ಹತ್ತು ದಿನ ಕಳೆದು ಹೊಸದುರ್ಗದಲ್ಲಿ ಆ ತಾಲ್ಲೂಕಿನ ನರ್ಸುಗಳ ಸಭೆ ಇತ್ತು. ಪಟ್ಟಿಯ ಬಗ್ಗೆ ಏನಾದರೂ ಕೇಳುವುದಿದ್ದರೆ ಉತ್ತರ ಹೇಳಲು ನನ್ನನ್ನು ಕಳಿಸಿದ್ದರು. ಸಭೆ ಮುಗಿದ ಮೇಲೆ ಒಬ್ಬ ನರ್ಸಮ್ಮ ಬಂದು ಪಕ್ಕದಲ್ಲಿ ನಿಂತರು. ಐವತ್ತರ ಹತ್ತಿರದ ವಯಸ್ಸು. ಆ ಕಡೆಯ ಹಟ್ಟಿಗಳಲ್ಲಿ ಇಪ್ಪತ್ತು ವರ್ಷದಿಂದ ಹೆರಿಗೆ ಮಾಡಿಸಿದವರು. ಅವರ ಕೈಯಲ್ಲಿ ಪಟ್ಟಿಯ ಹಾಳೆ ನಾಲ್ಕು ಮಡಿಕೆಯಾಗಿತ್ತು.

"ಸಾರ್, ನನ್ ಪಟ್ಟಿನಾಗೆ ಎರಡು ತುಂಬಿ ಮೂರು ತುಂಬದಿರೋ ಹೆಣ್ಮಗು ಒಂದೂ ಇಲ್ಲ. ಗಂಡುಡುಗ್ರು ಅವೆ. ಹೆಣ್ಣು ಯಾಕಿಲ್ಲ?"

ಗೆರೆ ಕೆಳಗಿಳಿಸಿದ್ದಾರೆ, ಅದಕ್ಕೇ ಹೆಸರು ಕಡಿಮೆಯಾಗಿವೆ ಎಂದೆ.

"ಗೆರೆ ಇಳಿಸಿದ್ರೆ ಗಂಡಿಗೂ ಇಳೀಬೇಕಲ್ಲ ಸಾರ್."

ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಲಾರರು. ಆದರೆ ನಾನಾಗ ಕಂಪ್ಯೂಟರಿನ ಕಡೆಯ ಮನುಷ್ಯ. ಯಂತ್ರಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, ಕೈಲೆಕ್ಕದಲ್ಲಿ ತಪ್ಪಾಗಬಹುದು, ಅದರಲ್ಲಿ ಆಗುವುದಿಲ್ಲ ಎಂದು ತಿಳಿಹೇಳುವ ದನಿಯಲ್ಲಿ ಹೇಳಿದೆ. ಕೆಲವು ಹುಡುಗಿಯರು ಕಣ್ಣಿಗೇ ಕಾಣುವಷ್ಟು ಸೊರಗಿದ್ದಾರೆ, ಮಿಕ್ಕ ಪೊಟ್ಟಣವಿದ್ದರೆ ಕೊಡಬಹುದೇ ಎಂದು ಅವರು ಕೇಳಿದರು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಕೊಡುವಂತಿಲ್ಲ ಎಂದೆ. ಅವರು "ಆಯ್ತು ಬಿಡ್ರಿ," ಎಂದು ಹಾಳೆಯನ್ನು ಮತ್ತೆ ಮಡಿಸಿಕೊಂಡು ಹೋದರು.

ವಾಪಸ್ಸು ಬರುವ ಬಸ್ಸಿನಲ್ಲಿ ಹೊಳಲ್ಕೆರೆ ದಾಟುವವರೆಗೂ ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ದುರ್ಗ ತಲುಪುವಷ್ಟರಲ್ಲಿ ಮರೆತೆ. ಮರೆತೆ ಎನ್ನುವುದು ಪೂರ್ತಿ ನಿಜವಲ್ಲ, ಮರೆಯಲು ಇಷ್ಟಪಟ್ಟೆ.

ಒಂದು ತಿಂಗಳ ಮೇಲೆ ಕಚೇರಿಗೆ ನನ್ನ ಹೆಸರಿಗೆ ಒಂದು ಅಂಚೆಕಾರ್ಡು ಬಂತು. ಆ ನರ್ಸಮ್ಮನದು. ಕ್ಷೇಮಸಮಾಚಾರ ಒಂದೂ ಇಲ್ಲ. ಏಳು ಹುಡುಗಿಯರ ಹೆಸರು, ವಯಸ್ಸು ಎಷ್ಟು ತಿಂಗಳು, ತೂಕದ ದಿನ ಎಷ್ಟು ಬಂದಿತ್ತು ಎಂಬುದನ್ನು ತಮ್ಮ ರಿಜಿಸ್ಟರಿನಿಂದ ಸಣ್ಣ ಅಕ್ಷರದಲ್ಲಿ ಎತ್ತಿ ಬರೆದಿದ್ದರು. ಕೆಳಗೆ ಒಂದು ಸಾಲು. ಇವರಲ್ಲಿ ಒಬ್ಬರ ಲೆಕ್ಕವನ್ನಾದರೂ ತಾವು ಕೈಯಲ್ಲಿ ಮಾಡಿ ನೋಡಬೇಕು.

ಊಟದ ಹೊತ್ತು. ಕಚೇರಿಯಲ್ಲಿ ಯಾರೂ ಇರಲಿಲ್ಲ. ಮೊದಲನೆಯ ಹೆಸರು ತೆಗೆದುಕೊಂಡೆ. ಇಪ್ಪತ್ತೊಂಬತ್ತು ತಿಂಗಳು, ಏಳು ಕಿಲೋ ಇನ್ನೂರು ಗ್ರಾಂ. ಡಾಕ್ಟರು ಕೊಟ್ಟಿದ್ದ ಮೂಲ ಹಾಳೆಯಿಂದ ಗೆರೆ ಲೆಕ್ಕ ಹಾಕಿದೆ. ಏಳೂವರೆ ಕಿಲೋ ದಾಟಿತು. ಹುಡುಗಿ ಗೆರೆಯ ಕೆಳಗಿದ್ದಳು. ಎರಡನೆಯವಳೂ ಕೆಳಗೆ. ಮೂರನೆಯವಳ ಲೆಕ್ಕವನ್ನು ಅರ್ಧಕ್ಕೇ ಬಿಟ್ಟೆ. ಎದ್ದು ಚೀಲ ತೆಗೆದೆ. ಲಕೋಟೆ ಅಂಟಿಸಿದ ಹಾಗೆಯೇ ಇತ್ತು. ಒಡೆದು ನೋಡಿದರೆ ಮೇಡಂ ಕೈಬರಹದಲ್ಲಿ ಏಳು ಲೆಕ್ಕ. ಪ್ರತಿಯೊಂದರ ಪಕ್ಕದಲ್ಲಿ ಹಳೆಯ ಗೆರೆ, ಹೊಸ ಗೆರೆ ಎರಡೂ. ಐದನೆಯದರಲ್ಲಿ ಹಳೆಯದು ಒಂಬತ್ತು ಕಿಲೋ ನೂರು. ಹೊಸದು ಏಳು ಎಂಟುನೂರು. ನಾನು ಹಳೆಯದೆಂದು ಕಿತ್ತು ಹಾಕಿದ ಅಂಕಿ ಹೊಸದೇ ಆಗಿತ್ತು.

ತೂಕದ ಕಾರ್ಡುಗಳನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹೆಣ್ಣುಮಕ್ಕಳ ಮೊದಲನೆಯ ಕಾರ್ಡು, ಎರಡನೆಯ ಕಾರ್ಡು. ಒಂದರ ಮೇಲೊಂದು ಇಟ್ಟರೆ ತೂತುಗಳೆಲ್ಲ ಕೂಡಿಕೊಂಡು ಬೆಳಕು ತೂರಿ ಬಂತು. ಕೊನೆಯ ಸರಣಿ ಸಂಖ್ಯೆಯೊಂದೇ ಬೇರೆ. ನಕಲು ಗುಂಡಿ ಇಡೀ ಕಾರ್ಡನ್ನೇ ನಕಲು ಮಾಡಿತ್ತು. ಎರಡರಿಂದ ಮೂರು ವರ್ಷದ ಹುಡುಗಿಯರನ್ನೆಲ್ಲ ನಾನು ಒಂದರಿಂದ ಎರಡು ವರ್ಷದ ಕೂಸುಗಳ ಗೆರೆಯಿಂದ ಅಳೆದಿದ್ದೆ. ಏಳು ಪರೀಕ್ಷೆಗಳಲ್ಲಿ ಆ ವಯಸ್ಸಿನ ಹುಡುಗಿಯರ ಪರವಾಗಿ ಇದ್ದದ್ದು ಐದನೆಯದೊಂದೇ.

ಮುಂದಿನ ಗಂಟೆಗೆ ಆರು ದಿನ ಇತ್ತು. ಆ ಆರು ದಿನ ನಾನು ಯಾರಿಗೂ ಹೇಳಲಿಲ್ಲ. ಹೇಗೂ ಸರಿಪಡಿಸುತ್ತೇನಲ್ಲ, ಸರಿಯಾದ ಪಟ್ಟಿ ಇಟ್ಟುಕೊಂಡೇ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಬೆಂಗಳೂರಿಗೆ ಹೋದೆ. ಕಾರ್ಡನ್ನು ಸರಿಯಾಗಿ ಹೊಡೆದೆ, ಐದನೆಯ ಪರೀಕ್ಷೆಯನ್ನು ಅದರ ಜಾಗದಲ್ಲಿ ಇಟ್ಟೆ. ಮೊದಲ ಸಲಕ್ಕೇ ಕಂಪೈಲ್ ಆಯಿತು. ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಹಳೆಯ ಪಟ್ಟಿಯಲ್ಲಿ ಇಲ್ಲದ ಮೂವತ್ತೊಂದು ಹೆಸರು ಹೊಸ ಪಟ್ಟಿಯಲ್ಲಿದ್ದವು. ಎಲ್ಲವೂ ಹೆಣ್ಣು.

ಮರುದಿನ ಡಾಕ್ಟರ ಮೇಜಿನ ಮೇಲೆ ಪಟ್ಟಿ ಇಟ್ಟೆ. ಬಾಯಿ ತೆರೆಯುವ ಮೊದಲೇ ಅವರು ಹೊಸ ಹೆಸರುಗಳನ್ನು ನೋಡಿ, ಇವು ಹೊಸದಾಗಿ ಬಂದ ಕೆಲವು ತೂಕಗಳೇ ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಹಾಗೆ ಒಮ್ಮೆ ತಲೆಯಾಡಿಸಿದ್ದು ಕಾರ್ಡು ಎಳೆದದ್ದಕ್ಕಿಂತ ಕೆಟ್ಟದ್ದೆಂದು ಈಗಲೂ ಅನ್ನಿಸುತ್ತದೆ. ಮೊದಲನೆಯದು ತಿಳಿಯದೆ ಮಾಡಿದ್ದು, ಇದು ತಿಳಿದೂ ಮಾಡಿದ್ದು.

ಡಾಕ್ಟರು ಒಳ್ಳೆಯ ಮನುಷ್ಯ. ನನ್ನ ಮಾತನ್ನು ನಂಬಿದರು. ನಂಬಿದ್ದಷ್ಟೇ ಅಲ್ಲ, ಅದರ ಮೇಲೆ ಯೋಚನೆಯನ್ನೂ ಕಟ್ಟಿದರು. ಮರುದಿನ ಮಧ್ಯಾಹ್ನ ಮೇಲಿನವರಿಗೆ ಕಳಿಸುವ ವರದಿಯನ್ನು ಟೈಪಿಸ್ಟರಿಗೆ ಹೇಳಿ ಬರೆಸುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಬೇಸಿಗೆ ಶುರುವಾಗುವ ತಿಂಗಳುಗಳಲ್ಲಿ ಎರಡರಿಂದ ಮೂರು ವರ್ಷದ ಹೆಣ್ಣುಮಕ್ಕಳ ತೂಕ ವಿಶೇಷವಾಗಿ ಇಳಿಯುವುದು ಕಂಡುಬಂದಿದೆ, ಕಾರಣವನ್ನು ಮನೆಗಳಲ್ಲಿ ಹುಡುಕಬೇಕು ಎಂಬ ಸಾಲು ಕಿವಿಗೆ ಬಿತ್ತು. ಟೈಪ್ ಯಂತ್ರ ಟಕಟಕ ಎನ್ನುತ್ತಿತ್ತು. ನನ್ನ ಬೆರಳು ಜಾರಿದ್ದು ಇನ್ನು ಸ್ವಲ್ಪ ಹೊತ್ತಿನಲ್ಲಿ ಆ ಹಟ್ಟಿಗಳ ತಾಯಂದಿರ ತಪ್ಪಾಗಿ ಕಾಗದದ ಮೇಲೆ ಕೂರುವುದಿತ್ತು. ಎದ್ದು ಒಳಗೆ ಹೋದೆ. ನಿಲ್ಲಿಸುವಂತೆ ಟೈಪಿಸ್ಟರನ್ನು ಕೇಳಿಕೊಂಡೆ.

ಎಲ್ಲವನ್ನೂ ಹೇಳಿದೆ. ಕಾರ್ಡು, ಲಕೋಟೆ, ಹೊಸದುರ್ಗದ ಸಭೆಯಲ್ಲಿ ನರ್ಸಮ್ಮ ಕೇಳಿದ್ದು, ಅವರ ಅಂಚೆಕಾರ್ಡು, ಆರು ದಿನ ಸುಮ್ಮನಿದ್ದದ್ದು, ನಿನ್ನೆ ತಲೆಯಾಡಿಸಿದ್ದು. ಅಂಚೆಕಾರ್ಡನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಆ ಕಾರ್ಡನ್ನು ಎರಡು ಸಲ ಓದಿದರು.

"ಈ ಅಮ್ಮ ನಿಮ್ಮನ್ನ ಕೇಳಿದ್ದು ಯಾವಾಗ?"

ಸುಮಾರು ಒಂದೂವರೆ ತಿಂಗಳ ಹಿಂದೆ ಎಂದೆ.

ಅವರು ಟೈಪ್ ಯಂತ್ರದಿಂದ ಹಾಳೆ ಎಳೆಸಿ ಹರಿದು ಹಾಕಿದರು. ನಡೆದದ್ದನ್ನು ನಡೆದ ಹಾಗೆ ವರದಿಯಲ್ಲಿ ಬರೆಸುವುದಾಗಿ ಹೇಳಿದರು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಕಾದಿದ್ದೆ. ಅದರ ಬದಲು, "ಮೂವತ್ತೊಂದು ಮನೆಗೂ ಪೊಟ್ಟಣ ನೀವೇ ತಗೊಂಡು ಹೋಗಿ ಕೊಡಬೇಕು. ಯಾರ ಕೈಲೂ ಕಳಿಸಬೇಡಿ," ಎಂದರು.

ಅದೇ ವಾರ ಮೇಡಂ ತರಬೇತಿ ಮುಗಿಸಿ ಬಂದರು. ನೋಟ್ ಪುಸ್ತಕ ಕೇಳಿ ಪಡೆದು, ನಾನು ಬರೆದ ಸಾಲನ್ನು ಓದಿದರು. ಬೈಯುತ್ತಾರೆಂದು ನಿಂತಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕಾರ್ಡನ್ನು ಕಿತ್ತರೆ ಯಂತ್ರಕ್ಕೆ ಗೊತ್ತಾಗದಂತೆ ಬರೆದದ್ದು ತಮ್ಮ ಕಡೆಯ ಕೊರತೆ ಎಂದರು. ಕೂತು ಮೂರು ಸಾಲು ಸೇರಿಸಿದರು. ಇನ್ನು ಕಂಪೈಲ್ ಆಗುವಾಗ ಯಂತ್ರ ಪರೀಕ್ಷೆಗಳನ್ನು ಎಣಿಸುತ್ತಿತ್ತು, ಒಂದು ಕಡಿಮೆಯಿದ್ದರೂ ನಿಲ್ಲುತ್ತಿತ್ತು. ವಯಸ್ಸಿನ ಪ್ರತಿ ವರ್ಷಕ್ಕೆ, ಗಂಡು ಹೆಣ್ಣು ಎರಡಕ್ಕೂ, ಎರಡೆರಡು ಪರೀಕ್ಷೆ ಇರಬೇಕೆಂದು ಹೇಳಿ ಅವುಗಳ ಲೆಕ್ಕವನ್ನು ನನ್ನಿಂದಲೇ ಕೈಯಲ್ಲಿ ಮಾಡಿಸಿದರು. ಬಿಡಿಸಿದ ಪ್ರತಿಯೊಂದು ಲೆಕ್ಕವನ್ನೂ ಇನ್ನೊಮ್ಮೆ ಅವರೇ ಮಾಡಿ ನೋಡಿದರು. ಅವರು ನನ್ನ ಲೆಕ್ಕವನ್ನು ಹಾಗೆ ನೋಡಿದ್ದು ಅದೇ ಮೊದಲು.

ಪೊಟ್ಟಣಗಳನ್ನು ಎರಡು ಗೋಣಿಚೀಲಕ್ಕೆ ತುಂಬಿಕೊಂಡು ಹೊರಟೆ. ಮೊದಲು ಹಿರಿಯೂರಿನ ಕಡೆ, ಆಮೇಲೆ ದುರ್ಗದ ಸುತ್ತಿನ ಹಳ್ಳಿಗಳು, ಆಮೇಲೆ ಹೊಳಲ್ಕೆರೆ. ಹೊಸದುರ್ಗವನ್ನು ಕೊನೆಗಿಟ್ಟೆ. ಯಾಕೆಂದು ನನಗೇ ಗೊತ್ತಿತ್ತು. ಪ್ರತಿ ಮನೆಯಲ್ಲೂ ನಿಮ್ಮ ಮಗಳ ಹೆಸರು ಮೊದಲೇ ಬರಬೇಕಿತ್ತು, ನನ್ನ ತಪ್ಪಿನಿಂದ ಬರಲಿಲ್ಲ ಎಂದು ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಹೇಳಿದೆ ಕೂಡ. ಹಿರಿಯೂರಿನ ಹತ್ತಿರದ ಒಂದು ಮನೆಯಲ್ಲಿ ಆ ತಾಯಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಅಷ್ಟು ದೂರದಿಂದ ಬಂದಿದ್ದೀರಿ ಎಂದು ಉಪಚಾರ ಮಾಡಿದಳು. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿತ್ತು. ತೋಳು ನನ್ನ ಹೆಬ್ಬೆರಳಿನಷ್ಟು ದಪ್ಪ. ಆ ಮಜ್ಜಿಗೆಯನ್ನು ನಾನು ಹೇಗೆ ಕುಡಿದೆನೋ.

ಹೊಸದುರ್ಗದ ಆ ನರ್ಸಮ್ಮನ ಮನೆಗೆ ಹೋದದ್ದು ಬೆಳಿಗ್ಗೆ ಎಂಟರ ಬಸ್ಸಿಗೆ. ಅವರು ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. "ಬರ್ರಿ, ಕುಂತ್ಕಳ್ರಿ," ಎಂದು ಚಾಪೆ ಹಾಸಿದರು. ಲೆಕ್ಕ ಮಾಡಿ ನೋಡಿದೆ, ನೀವು ಹೇಳಿದ್ದೇ ಸರಿ ಎಂದೆ. ಹೂಂ ಎಂದರು. ಪಟ್ಟಿ ತೆಗೆದುಕೊಂಡು, ಯಾವ ಮನೆ ಮೊದಲು, ಯಾವುದು ಆಮೇಲೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದರು. ಒಂದು ಹೆಸರಿನ ಹತ್ತಿರ ಪೆನ್ಸಿಲ್ ನಿಂತಿತು. ಅಂಚೆಕಾರ್ಡಿನ ಮೊದಲನೆಯ ಹೆಸರು ಅದು.

"ಇವಳು ಇಲ್ಲ ಸಾರ್. ದಡಾರ ಬಂತು. ನಾನು ಕಾರ್ಡು ಟಪ್ಪಾಲಿಗೆ ಹಾಕಿದ ಮೂರನೇ ದಿನಕ್ಕೆ ಹೋದ್ಲು."

ಆ ಮನೆಗೆ ಹೋಗುವುದು ಬೇಡ, ಪೊಟ್ಟಣ ಕೊಡಲು ಯಾರೂ ಇಲ್ಲವಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ನನ್ನನ್ನು ಉಳಿಸಲು ಹೇಳಿದ್ದೆಂದು ತಿಳಿಯಿತು. ಹೋಗಲೇಬೇಕು ಎಂದೆ.

ಕುರಿ ಸಾಕುವವರ ಹಟ್ಟಿ. ಹತ್ತಿಪ್ಪತ್ತು ಮನೆ. ಗಂಡಸರು, ಹೆಂಗಸರು ಕುರಿ ಹೊಡೆದುಕೊಂಡು, ಕೂಲಿಗೆಂದು ಹೋಗಿದ್ದರು. ಅಜ್ಜಿಯೊಬ್ಬಳು ಹೊರಗೆ ಬೇವಿನ ನೆರಳಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ನರ್ಸಮ್ಮ ನಾನು ಯಾರೆಂದು ಹೇಳಿದರು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ನಿಮ್ಮ ಮೊಮ್ಮಗಳಿಗೆ ಹಿಟ್ಟಿನ ಪೊಟ್ಟಣ ಎರಡು ತಿಂಗಳ ಹಿಂದೆಯೇ ಬರಬೇಕಿತ್ತು, ಅವಳ ಹೆಸರು ಪಟ್ಟಿಯಲ್ಲಿ ಬರದ ಹಾಗೆ ತಪ್ಪು ಮಾಡಿದವನು ನಾನು ಎಂದು ಹೇಳಿದೆ.

ಅಜ್ಜಿ ಕೈ ನಿಲ್ಲಿಸಲಿಲ್ಲ. "ದಡಾರ ಬಂತಪ್ಪ," ಎಂದಳು. "ಈ ಹಟ್ಟ್ಯಾಗೆ ಎಲ್ಲಾ ಹುಡುಗ್ರಿಗೂ ಬಂತು." ಒಂದೆರಡು ಬೀಜ ತೆಗೆದು ಪಕ್ಕಕ್ಕೆ ಹಾಕಿದಳು. "ಉಳಿದವು ಎದ್ದವು."

ಹಿಟ್ಟು ತಿಂದಿದ್ದರೆ ಅವಳೂ ಏಳುತ್ತಿದ್ದಳೇ ಎಂದು ಕೇಳಿದಳು. ದೂರುವ ದನಿಯಲ್ಲ. ತಿಳಿದವನನ್ನು ಕೇಳುವ ಹಾಗೆ. ನಾನು ನರ್ಸಮ್ಮನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಗೊತ್ತಿಲ್ಲ ಅಜ್ಜಿ," ಎಂದೆ. "ಏಳ್ತಿದ್ಲೇನೋ."

ಅವಳು ನನ್ನ ಕೈಯಲ್ಲಿದ್ದ ಹಾಳೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ಈಗ ಐತಾ ಅದ್ರಾಗೆ ಅವಳ ಹ್ಯಸ್ರು?"

"ಐತೆ ಅಜ್ಜಿ."

"ಓದು."

ಇಂಗ್ಲಿಷಿನ ದೊಡ್ಡಕ್ಷರದಲ್ಲಿದ್ದುದನ್ನು ಕನ್ನಡದಲ್ಲಿ ಓದಿದೆ. ಈರಕ್ಕ. ತಂದೆ ಕರಿಯಪ್ಪ. ಹೆಣ್ಣು. ಇಪ್ಪತ್ತೊಂಬತ್ತು ತಿಂಗಳು. ಏಳು ಕಿಲೋ ಇನ್ನೂರು ಗ್ರಾಂ.

ಅಜ್ಜಿಯ ಕೈ ಆಗ ನಿಂತಿತು. "ಹೂಂ, ಅವಳೇ," ಎಂದಳು. "ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದೆ. ಈ ಸಲ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಎದುರು ಮನೆಯ ಬಾಗಿಲಲ್ಲಿ ಮೂಗು ಸೋರಿಸಿಕೊಂಡು ನಿಂತಿದ್ದ ಸಣ್ಣ ಹುಡುಗಿಯನ್ನು ಹತ್ತಿರ ಕರೆದು ಅವಳ ಎರಡೂ ಕೈಗೆ ಅದನ್ನಿಟ್ಟಳು. ಮತ್ತೆ ಬಂದು ಹುಣಸೆಹಣ್ಣಿನ ಮುಂದೆ ಕೂತಳು.

ನಾನು ಏಳಲಿಲ್ಲ. ನರ್ಸಮ್ಮ ಚೀಲದ ಒಂದು ತುದಿಯನ್ನು ತಾವೇ ಎತ್ತಿ ಹಿಡಿದರು.

"ಏಳ್ರಿ ಸಾರ್, ಹೋಗಾಣ. ಮುಂದ್ಲ ಹಟ್ಟ್ಯಾಗೆ ಇನ್ನೂ ಎರಡು ಮನೆ ಅವೆ."